ಸಹಾಯ ಬೇಕು: ಕ್ಯಾಥ್ ಲ್ಯಾಬ್ ನರ್ಸ್ ಆಗಿರುವ ಅಕ್ಕನ ಕಣ್ಣಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವು ಕುಂಬಳೆಯವರು. ಅಕ್ಕ ಮಂಗಳೂರಿನ ಒಂದು ಆಸ್ಪತ್ರೆಯ ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ಎಕ್ಸ್-ರೇಯಲ್ಲಿ ನೋಡುತ್ತಾ ಹೃದಯದ ರಕ್ತನಾಳಗಳ ಪರೀಕ್ಷೆ, ಚಿಕಿತ್ಸೆ ಮಾಡುವ ಕೋಣೆಯಲ್ಲಿ, ನರ್ಸ್. ಆಂಜಿಯೋಗ್ರಾಂ, ಸ್ಟೆಂಟ್ ಹಾಕುವಾಗೆಲ್ಲ ಡಾಕ್ಟರ ಪಕ್ಕದಲ್ಲೇ ನಿಂತಿರಬೇಕು. ಈಗೀಗ ರಾತ್ರಿ ರೈಲಿಳಿದು ಬರುವಾಗ ಎದುರಿನ ಗಾಡಿಗಳ ಲೈಟು ಒಡೆದು ಹರಡಿದ ಹಾಗೆ ಕಾಣುತ್ತದಂತೆ. ಓದುವಾಗಲೂ ಮಂಜು ಮಂಜು. ವಯಸ್ಸು ನಲವತ್ತಾಗಿಲ್ಲ, ಶುಗರ್ ಇಲ್ಲ. ಕನ್ನಡಕದಂಗಡಿಯವರು ಪವರ್ ಬದಲಾಗಿದೆ ಅಂದರು, ನನಗೆ ಸಮಾಧಾನವಿಲ್ಲ. ಕೆಲಸದ ಜಾಗದ ಎಕ್ಸ್-ರೇಯಿಂದ ಕಣ್ಣಿಗೆ ಪೊರೆ ಬರುತ್ತಿದೆಯೋ ಎಂಬ ಭಯ.

ಎಕ್ಸ್-ರೇಯಿಂದ ಬರುವ ಪೊರೆ ಹೆಚ್ಚಾಗಿ ಕಣ್ಣಿನ ಮಸೂರದ ಹಿಂಬದಿಯಲ್ಲಿ ಶುರುವಾಗುತ್ತದೆ. ಅದನ್ನು ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ಸ್ಲಿಟ್ ಲ್ಯಾಂಪಿನಲ್ಲೇ (ಕಣ್ಣಿನ ಡಾಕ್ಟರ ದೀಪವಿರುವ ಸೂಕ್ಷ್ಮದರ್ಶಕ) ನೋಡಬೇಕು. ಸಿಬ್ಬಂದಿಗೆ ಮುಖ್ಯ ಅಪಾಯ ರೋಗಿಯ ಮೈಯಿಂದ ಚದುರಿ ಬರುವ ಕಿರಣದ್ದು. ಲೆಡ್ ಏಪ್ರನ್ ಮೈ ಕಾಯುತ್ತದೆ, ಕಾಲರ್ ಥೈರಾಯ್ಡ್ ಕಾಯುತ್ತದೆ, ಕಣ್ಣಿಗೆ? ಟಿಎಲ್‌ಡಿ ಬ್ಯಾಡ್ಜ್ (ಮೈಗೆ ಬಿದ್ದ ವಿಕಿರಣ ಅಳೆಯುವ ಬಿಲ್ಲೆ) ಏಪ್ರನ್ನಿನ ಒಳಗೆ ಎದೆಯ ಮೇಲಿರುತ್ತದೆ. ಅದರ ರಿಪೋರ್ಟ್ ಸರಿಯಿದ್ದ ಮಾತ್ರಕ್ಕೆ ಕಣ್ಣಿಗೆ ಬಿದ್ದದ್ದು ಕಡಿಮೆ ಎನ್ನಲಾಗದು. ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲೇ ಇಂಥ ಕೆಲಸದವರ ಮಸೂರಕ್ಕೆ ಬೀಳಬಹುದಾದ ವಿಕಿರಣದ ಮಿತಿಯನ್ನು ವರ್ಷಕ್ಕೆ 150ರಿಂದ ಸರಾಸರಿ 20 ಮಿಲಿಸೀವರ್ಟ್‌ಗೆ ಇಳಿಸಲು ಹೇಳಿದೆ. ಅಕ್ಕನ ಲ್ಯಾಬಿನಲ್ಲಿ ಲೆಡ್ ಕನ್ನಡಕ ಡಾಕ್ಟರಿಗೆ ಮಾತ್ರ. ಮೇಲಿನಿಂದ ಇಳಿಬಿಟ್ಟ ಲೆಡ್ ಗಾಜೂ ಅವರತ್ತಲೇ. ಇದು ಸರಿಯಲ್ಲ.

ಕಾಸರಗೋಡು, ಮಂಗಳೂರು ಕಡೆ ಇಂಥ ಪೊರೆ ನೋಡಿ ಅನುಭವವಿರುವ ಕಣ್ಣಿನ ಡಾಕ್ಟರು ಗೊತ್ತಿದ್ದರೆ ದಯವಿಟ್ಟು ಹೇಳಿ. ಬದಿಯನ್ನೂ ಮುಚ್ಚುವ, ಪವರ್ ಹಾಕಿಸಬಹುದಾದ ಲೆಡ್ ಕನ್ನಡಕ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ? ಹಳೆಯ ಡೋಸ್ ದಾಖಲೆಯನ್ನು ಆಸ್ಪತ್ರೆಯಿಂದ ಕೇಳಿ ಪಡೆದವರಿದ್ದರೆ ಅರ್ಜಿ ಹೇಗೆ ಬರೆದಿರಿ ಎಂದು ತಿಳಿಸಿ. ಕ್ಯಾಥ್ ಲ್ಯಾಬಿನಲ್ಲಿರುವ ಟೆಕ್ನಿಷಿಯನ್, ನರ್ಸುಗಳು ಬರೆದರೆ ಇನ್ನೂ ಉಪಕಾರ. ಹೆಸರು ಹೇಳಲು ಇಷ್ಟವಿಲ್ಲದವರು ಇನ್‌ಬಾಕ್ಸಿಗೆ ಬನ್ನಿ.