ರೀಮಾಸ್ಟರ್‌ಗೂ ದುಡ್ಡು, ಸಿಂಹಕ್ಕೂ ದುಡ್ಡು: ಈ ವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರ ಉತ್ತರ ಕೊಡೋರು ಬೆಂಗಳೂರಿನ ಒಂದು ಗೇಮ್ ಸ್ಟುಡಿಯೊದಲ್ಲಿ ಪ್ರೊಡ್ಯೂಸರ್ ಆಗಿರುವ ಮೇಡಂ. ಹೆಸರು, ಕಂಪನಿ ಕೇಳಬೇಡಿ. ವಿಷಯ 'ಆರ್ಕ್: ಸರ್ವೈವಲ್ ಅಸೆಂಡೆಡ್' ಮತ್ತು ಅದಕ್ಕೆ ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳೋ ಹೆಚ್ಚುವರಿ ಭಾಗಗಳು, ಅಂದ್ರೆ ಡಿಎಲ್‌ಸಿಗಳು. 2015ರ ಹಳೆಯ ಆರ್ಕ್ ಅನ್ನು ಅನ್‌ರಿಯಲ್ ಎಂಜಿನ್ 5ರಲ್ಲಿ ಹೊಸದಾಗಿ ಕಟ್ಟಿ 2023ರ ಅಕ್ಟೋಬರ್ 25ಕ್ಕೆ ಬಿಟ್ಟ ಆಟ ಇದು. ಆಡದವರಿಗೆ ಒಂದು ಮಾತು: ಬರಿಗೈಯಲ್ಲಿ ದ್ವೀಪದ ದಡದಲ್ಲಿ ಕಣ್ಣು ಬಿಡ್ತೀರಿ. ಡೈನೋಸಾರ್ ಪಳಗಿಸಿ, ಮನೆ ಕಟ್ಟಿ ಬದುಕಬೇಕು. ಒಬ್ಬರಿಗೆ ಒಂದೇ ಪ್ರಶ್ನೆ. ಜಗಳ ಬೇಡ.

ಮಂಡ್ಯ ರಾಪ್ಟರ್: ಮೇಡಂ, ಮೊದಲು ಅಪ್‌ಗ್ರೇಡ್ ಫ್ರೀ ಅಂದ್ರು. ಆಮೇಲೆ ದುಡ್ಡು ಅಂದ್ರು. ಕೊಟ್ವಿ. ಈಗ ಆಟದೊಳಗೆ ಮತ್ತೆ 30 ಡಾಲರ್, ಮತ್ತೆ 5 ಡಾಲರ್. ನಿಮ್ಮ ಫೀಲ್ಡ್‌ನಲ್ಲಿ ಇದೆಲ್ಲ ಮಾಮೂಲಾ?

ಪ್ರೊಡ್ಯೂಸರ್: ಡಿಎಲ್‌ಸಿ ಮಾರೋದು ಮಾಮೂಲು. ಈ ಥರ ಮಾರೋದು ಅಲ್ಲ. 2023ರ ಮಾರ್ಚ್ 31ಕ್ಕೆ ಬೆಲೆ ಹೇಳಿದಾಗ ಅದು ಮುಂದಿನ ಭಾಗವಾದ ಆರ್ಕ್ 2 ಜೊತೆ ಸೇರಿಸಿದ 49.99 ಡಾಲರ್‌ನ ಬಂಡಲ್ ಆಗಿತ್ತು. ಜನ ಚೆನ್ನಾಗಿ ಉಗಿದರು. ಬಂಡಲ್ ಕೈಬಿಟ್ಟು, ಕೊನೆಗೆ 44.99ಕ್ಕೆ ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ಗೆ ತಂದರು. ಅದಕ್ಕೂ ಮುಂಚೆ, ಸೆಪ್ಟೆಂಬರ್ 30ಕ್ಕೆ, ಹಳೆಯ ಆಟದ ಅಧಿಕೃತ ಸರ್ವರ್‌ಗಳನ್ನು ಮುಚ್ಚಿದರು. ಅಲ್ಲೇ ವರ್ಷಗಟ್ಟಲೆ ಆಡಿದವರಿಗೆ 'ನಾನು ಹಳೇದರಲ್ಲೇ ಇರ್ತೀನಿ' ಅನ್ನೋ ದಾರಿ ಇರಲಿಲ್ಲ. ಜನಕ್ಕೆ 5 ಡಾಲರ್ ಕಂಡರೂ ಮೈ ಉರಿಯೋದು ಅದಕ್ಕೇ.

ಇನ್ನೊಂದು ಮಾತೂ ಹೇಳಬೇಕು. ಹಳೆಯ ಆಟದಲ್ಲಿ ದುಡ್ಡು ಕೊಟ್ಟು ತಗೊಂಡಿದ್ದ ಸ್ಕಾರ್ಚ್ಡ್ ಅರ್ತ್, ಅಬೆರೇಶನ್, ಎಕ್ಸ್‌ಟಿಂಕ್ಷನ್ ಮ್ಯಾಪ್‌ಗಳು ಹೊಸದರಲ್ಲಿ ಬೇರೆ ಬೆಲೆ ಇಲ್ಲದೆ ಬಂದವು. 2016ರ ಸೆಪ್ಟೆಂಬರ್‌ನಲ್ಲಿ, ಆಟ ಇನ್ನೂ ಪೂರ್ತಿ ಆಗದೆ ಅರ್ಲಿ ಆ್ಯಕ್ಸೆಸ್‌ನಲ್ಲಿದ್ದಾಗಲೇ, ಸ್ಕಾರ್ಚ್ಡ್ ಅರ್ತ್ ಒಂದನ್ನೇ 19.99 ಡಾಲರ್‌ಗೆ ಮಾರಿದ್ದರು. ಆಗಲೂ ಇದೇ ಗಲಾಟೆ ಆಗಿತ್ತು.

ದಾವಣಗೆರೆ ಡೋಡೋ: ಆ 30 ಡಾಲರ್ ಡಿಎಲ್‌ಸಿ, ಬಾಬ್ಸ್ ಟಾಲ್ ಟೇಲ್ಸ್ ತಗೊಂಡೆ, ಇಷ್ಟ ಆಗಲಿಲ್ಲ. ರಿಫಂಡ್ ಸಿಗುತ್ತಾ?

ಪ್ರೊಡ್ಯೂಸರ್: ಸ್ಟೀಮ್ ನಿಯಮ ಹೀಗಿದೆ. ಡಿಎಲ್‌ಸಿ ಕೊಂಡು 14 ದಿನ ಆಗಿರಬಾರದು. ಕೊಂಡ ಮೇಲೆ ಮೂಲ ಆಟವನ್ನು 2 ಗಂಟೆಗಿಂತ ಕಡಿಮೆ ಆಡಿರಬೇಕು. ಮೊದಲು ಸಾವಿರ ಗಂಟೆ ಆಡಿದ್ದರೂ ಲೆಕ್ಕಕ್ಕಿಲ್ಲ, ಡಿಎಲ್‌ಸಿ ತಗೊಂಡ ಕ್ಷಣದಿಂದ ಗಡಿಯಾರ ಶುರು. ಹಾಗಾಗಿ ಕೊಂಡ ದಿನ ರಾತ್ರಿ ಆಟ ಆನ್ ಮಾಡಿ ಮಲಗಿಬಿಟ್ಟರೆ ಕಥೆ ಮುಗೀತು.

ಕೋಲಾರ ಕಿಂಗ್: 4 ಜಿಬಿ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಓಡುತ್ತಾ ಸರ್?

ಬೆಣ್ಣೆದೋಸೆ ಬ್ರೋ: ಸರ್, ರಿಫಂಡ್ ಹೇಗೆ?

ಪ್ರೊಡ್ಯೂಸರ್: ಮೇಲೆ ಇದೆ.

ಮಲೆನಾಡ್ ಮ್ಯಾಮತ್: ನಾನು ಡಿಎಲ್‌ಸಿ ಕೊಂಡಿಲ್ಲ, ಆದ್ರೂ ಅದರ ಫೈಲ್ ನನ್ನ ಎಸ್‌ಎಸ್‌ಡಿಯಲ್ಲಿ ಕೂತಿದೆ. ಪಕ್ಕದ ಟ್ರೈಬ್‌ನವನ ಪೈರೋಮೇನ್, ಆ 5 ಡಾಲರ್ ಬೆಂಕಿ ಸಿಂಹ, ನಮ್ಮ ಬೇಸ್ ಮುಂದೆ ಓಡಾಡೋದು ಕಾಣುತ್ತೆ. ನನಗೆ ಪಳಗಿಸೋಕೆ ಆಗಲ್ಲ. ಜಾಗ ನಂದು, ಮಜಾ ಅವನದಾ?

ಪ್ರೊಡ್ಯೂಸರ್: ಒಳ್ಳೇ ಪ್ರಶ್ನೆ. ಒಂದೇ ಸರ್ವರ್‌ನಲ್ಲಿ ಇಬ್ಬರೂ ಇದ್ದಾಗ ಅವನ ಪ್ರಾಣಿಯ ಮಾಡೆಲ್, ಅನಿಮೇಶನ್, ಸದ್ದು ಎಲ್ಲ ನಿಮ್ಮ ಕಂಪ್ಯೂಟರ್‌ನಲ್ಲೂ ಇರಬೇಕು. ಇಲ್ಲದಿದ್ದರೆ ಕಣ್ಣಿಗೆ ಕಾಣದ ಯಾವುದೋ ಒಂದು ನಿಮ್ಮನ್ನು ಕಚ್ಚಿ ಸಾಯಿಸುತ್ತೆ. ಅದಕ್ಕೇ ಫೈಲ್ ಎಲ್ಲರಿಗೂ ಬರುತ್ತೆ, ಬೀಗದ ಕೈ ಮಾತ್ರ ಕೊಂಡವರಿಗೆ. ಈ ಭಾಗದಲ್ಲಿ ಮೋಸ ಏನಿಲ್ಲ.

ತಕರಾರು ಇರೋದು ಪ್ರಾಣಿಗೆ ಏನು ಶಕ್ತಿ ಕೊಟ್ಟಿದ್ದಾರೆ ಅನ್ನೋದರಲ್ಲಿ. 2024ರ ಏಪ್ರಿಲ್ 1ಕ್ಕೆ ಹೊಸ ಸ್ಕಾರ್ಚ್ಡ್ ಅರ್ತ್ ಬಂತು, ಅದರ ಜೊತೆ 29.99 ಡಾಲರ್‌ನ ಬಾಬ್ಸ್ ಟಾಲ್ ಟೇಲ್ಸ್. ಓಯಸಿಸಾರ್ ಅನ್ನೋ ದೈತ್ಯ ಪ್ರಾಣಿಯನ್ನು ಆ ದುಡ್ಡಿನ ಕಡೆ ಇಟ್ಟರು. ಅದು ಸತ್ತ ಡೈನೋಗಳನ್ನು ಬದುಕಿಸುತ್ತೆ. ಈ ಆಟದಲ್ಲಿ ಭಯ ಇರೋದೇ ಅಲ್ಲಿ. ವಾರಗಟ್ಟಲೆ ಸಾಕಿದ ರೆಕ್ಸ್ ಸತ್ತರೆ ಸತ್ತ ಹಾಗೇ. ಸಾವನ್ನು ವಾಪಸ್ ತಿರುಗಿಸೋದನ್ನು ಮಾರಿದರೆ ಆಟದ ಬೆನ್ನೆಲುಬನ್ನೇ ಮಾರಿದ ಹಾಗೆ. ಬಣ್ಣ ಮಾರಿ, ಟೋಪಿ ಮಾರಿ, ಹೊಸ ಕಥೆ ಮಾರಿ, ನನ್ನದೇನೂ ತಕರಾರಿಲ್ಲ. ನಮ್ಮ ಸ್ಟುಡಿಯೊದಲ್ಲೂ ಮಾರ್ತೀವಿ, ಸಂಬಳ ಬರೋದು ಅದರಿಂದಲೇ. ಆದ್ರೆ ಎಲ್ಲರೂ ಸೇರಿ ಆಡೋ ಸರ್ವರ್‌ನಲ್ಲಿ ದುಡ್ಡು ಕೊಟ್ಟವನಿಗೆ ಮಾತ್ರ ಬಲ ಸಿಕ್ಕರೆ, ಕಬಡ್ಡಿಯಲ್ಲಿ ಒಂದು ಟೀಮಿಗೆ ಬೋನಸ್ ಗೆರೆಯನ್ನು ಹತ್ತಿರಕ್ಕೆ ಎಳೆದು ಕೊಟ್ಟ ಹಾಗಾಗುತ್ತೆ. 5 ಡಾಲರ್‌ನ ಪೈರೋಮೇನ್ ಬಂದಾಗ ಸ್ಟೀಮ್ ವಿಮರ್ಶೆಗಳಲ್ಲಿ ಜನ ಅಷ್ಟು ಕೂಗಾಡಿದ್ದು ಇದಕ್ಕೇ.

ತುಮಕೂರು ಟ್ರೈಕ್: ಎಲ್ಲರೂ ಓದಿ, ನಮ್ಮ ಇನ್ನೊಂದು ಗ್ರೂಪಿಗೆ ಬಂದಿದ್ದು. 1) ಸ್ಟೀಮ್ ದೇಶವನ್ನು ವಿಪಿಎನ್ ಹಾಕಿ ಅರ್ಜೆಂಟೀನಾ ಮಾಡಿ, ಡಿಎಲ್‌ಸಿ ಪುಗಸಟ್ಟೆ ಬೆಲೆಗೆ. 2) ರಿಫಂಡ್ ಕೊಡದಿದ್ರೆ ಕೊಟ್ಟ ಹಣ ವಾಪಸ್ ಎಳೆಯೋಕೆ ಬ್ಯಾಂಕಲ್ಲಿ ಚಾರ್ಜ್‌ಬ್ಯಾಕ್ ಹಾಕಿ. 3) 1915ಕ್ಕೆ ಫೋನ್ ಮಾಡಿ 'ಡಾರ್ಕ್ ಪ್ಯಾಟರ್ನ್' ಅನ್ನಿ, 24 ಗಂಟೆಯಲ್ಲಿ ಹಣ ವಾಪಸ್. ಶೇರ್ ಮಾಡಿ.

ಪ್ರೊಡ್ಯೂಸರ್: ದಯವಿಟ್ಟು ಶೇರ್ ಮಾಡಬೇಡಿ. ಅರ್ಜೆಂಟೀನಾ, ಟರ್ಕಿ ಎರಡೂ ಕಡೆ ಸ್ಟೀಮ್ 2023ರ ನವೆಂಬರ್ 20ರಿಂದ ಡಾಲರ್ ಬೆಲೆಗೆ ಹೋಗಿದೆ. ಈ ಫಾರ್ವರ್ಡ್ ಬರೆದವರಿಗೆ ಇನ್ನೂ ಗೊತ್ತಾಗಿಲ್ಲ ಅನ್ಸುತ್ತೆ. ವಿಪಿಎನ್ ಹಾಕಿ ದೇಶ ಬದಲಿಸೋದು ಅವರ ಒಪ್ಪಂದಕ್ಕೆ ವಿರುದ್ಧ, ಅಕೌಂಟ್‌ಗೇ ಕುತ್ತು. ಚಾರ್ಜ್‌ಬ್ಯಾಕ್ ಹಾಕಿದರೆ ಅದು ಇತ್ಯರ್ಥ ಆಗೋವರೆಗೆ ಅಕೌಂಟ್‌ಗೆ ನಿರ್ಬಂಧ ಬೀಳುತ್ತೆ. 5 ಡಾಲರ್‌ಗೆ ಹೋರಾಡಿ ಇಡೀ ಲೈಬ್ರರಿ ಒತ್ತೆ ಇಡ್ತೀರಾ? ನಿಮ್ಮ ಕಾರ್ಡನ್ನು ಬೇರೆ ಯಾರೋ ಬಳಸಿದ್ದರೆ ಮಾತು ಬೇರೆ, ಆಗ ಬ್ಯಾಂಕಿಗೆ ಹೋಗಲೇಬೇಕು. 1915 ನಿಜವಾದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಡಾರ್ಕ್ ಪ್ಯಾಟರ್ನ್, ಅಂದ್ರೆ ಕೊಳ್ಳೋರನ್ನು ಯಾಮಾರಿಸೋ ಆನ್‌ಲೈನ್ ತಂತ್ರಗಳ ಮಾರ್ಗಸೂಚಿಯೂ ನಿಜ, 2023ರ ನವೆಂಬರ್ 30ರದ್ದು, ಅದರಲ್ಲಿ 13 ಬಗೆ ಪಟ್ಟಿ ಮಾಡಿದ್ದಾರೆ. ಕೇಳದೆ ಕಾರ್ಟ್‌ಗೆ ಸೇರಿಸೋದು, ಕೊನೆಯ ಪುಟದಲ್ಲಿ ಬೆಲೆ ಏರಿಸೋದು, ಇಂಥವು. ಬೆಲೆ ಜಾಸ್ತಿ ಅನ್ನೋದು ಆ 13ರಲ್ಲಿ ಇಲ್ಲ. 24 ಗಂಟೆ ಅನ್ನೋದು ಯಾರದೋ ಕನಸು.

ತುಮಕೂರು ಟ್ರೈಕ್: ಬಂದಿದ್ದನ್ನ ಹಾಕಿದೆ ಅಷ್ಟೇ ಮೇಡಂ.

ಪ್ರೊಡ್ಯೂಸರ್: ಗೊತ್ತು. ಎಲ್ಲರೂ ಹಾಗೇ ಹಾಕೋದು.

ಶಿವಾಜಿನಗರ ಸ್ಪೈನೋ: ಐದು ಡಾಲರ್‌ಗೆ ಇಷ್ಟು ಅಳೋದಾ? ಬೇಡ ಅಂದ್ರೆ ಬಿಡಿ. ಯಾರೂ ಕುತ್ತಿಗೆ ಹಿಡಿದು ಕೊಳ್ಳಿ ಅಂದಿಲ್ಲ.

ಮಂಡ್ಯ ರಾಪ್ಟರ್: ನಿಮಗೆ ಐದು ಡಾಲರ್ ಚಿಲ್ಲರೆ. ಹಾಸ್ಟೆಲ್ ಹುಡುಗರಿಗೆ ಅಲ್ಲ. ಮತ್ತೆ ವಿಷಯ ದುಡ್ಡಿಂದಲ್ಲ, ಮಾತು ಕೊಟ್ಟು ಬದಲಾಯಿಸಿದ್ದು.

ಶಿವಾಜಿನಗರ ಸ್ಪೈನೋ: ಹಳೇ ಆಟವನ್ನ ಸ್ಟೀಮ್ 2022ರಲ್ಲಿ ಫ್ರೀ ಕೊಟ್ಟಾಗ ತಗೊಂಡವರೇ ಈಗ ಮಾತಿನ ಬೆಲೆ ಹೇಳ್ತಾರೆ. ಒಳ್ಳೇ ಕಾಮಿಡಿ.

ಮಂಡ್ಯ ರಾಪ್ಟರ್: ನಾನು 2017ರಲ್ಲಿ ದುಡ್ಡು ಕೊಟ್ಟು ತಗೊಂಡವನು. ಸ್ಕ್ರೀನ್‌ಶಾಟ್ ಬೇಕಾ?

ಮಲೆನಾಡ್ ಮ್ಯಾಮತ್: ಇಬ್ರೂ ಇನ್‌ಬಾಕ್ಸ್‌ಗೆ ಹೋಗಿ ಮಾರಾಯ್ರೆ.

ಕೋಲಾರ ಕಿಂಗ್: 4 ಜಿಬಿ ಕಾರ್ಡ್ ಬಗ್ಗೆ ಯಾರಾದ್ರೂ ಹೇಳಿ.

ಹುಬ್ಬಳ್ಳಿ ಹೈನಾ: ಮೇಡಂ, ಮೂರು ಭಾಗ ಇರುತ್ತೆ ಅಂತ ಮುಂಚೇನೇ ದುಡ್ಡು ತಗೊಂಡು, ಒಂದೇ ಭಾಗ ಕೊಟ್ರೆ ಏನು ಮಾಡೋದ್ರಿ?

ಪ್ರೊಡ್ಯೂಸರ್: 2024ರ ನವೆಂಬರ್‌ನಿಂದ ಸ್ಟೀಮ್ ಇಂಥ ಮುಂಗಡ ದುಡ್ಡಿನ ಸೀಸನ್ ಪಾಸ್‌ಗಳಿಗೆ ನಿಯಮ ಬಿಗಿ ಮಾಡಿದೆ. ಏನೇನು ಬರುತ್ತೆ, ಸುಮಾರು ಯಾವಾಗ ಅಂತ ಮೊದಲೇ ಹೇಳಬೇಕು. ರದ್ದಾದರೆ ಬಾರದ ಭಾಗದ ಬೆಲೆಯನ್ನು ವಾಪಸ್ ಕೊಡಬೇಕು. ಆದ್ರೂ ಬರದೇ ಇರೋದಕ್ಕೆ ದುಡ್ಡು ಕೊಡಬೇಡಿ ಅಂತಲೇ ಹೇಳ್ತೀನಿ.

ಹಾಸನ ಪಿಯು ಹುಡುಗ: ಅಕ್ಕಾ, ನಾನು ಬೇರೆ ಥರ ಮಾಡಿದೆ. ಒಂದು ಚಾನೆಲ್‌ನಲ್ಲಿ ದುಡ್ಡು ಕೊಡದೆ ಡಿಎಲ್‌ಸಿ ತೆರೆಯೋ 'ಡಿಎಲ್‌ಸಿ ಅನ್‌ಲಾಕರ್' ಸಿಕ್ತು. ಆಂಟಿವೈರಸ್ ಆಫ್ ಮಾಡಿ ರನ್ ಮಾಡಿ ಅಂತ ಇತ್ತು. ಮಾಡಿದೆ. ಕಪ್ಪು ವಿಂಡೋ ಒಂದು ಬಂದು ಹೋಯ್ತು, ಡಿಎಲ್‌ಸಿ ಏನೂ ಬರಲಿಲ್ಲ. ಇವತ್ತು ಬೆಳಗ್ಗೆ ಬೇರೆ ಊರಿಂದ ಲಾಗಿನ್ ಅಂತ ಇಮೇಲ್ ಬಂದಿದೆ. ಅಪ್ಪ ಇದೇ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ನೋಡ್ತಾರೆ. ಏನಾದ್ರೂ ಆಗುತ್ತಾ?

ಪ್ರೊಡ್ಯೂಸರ್: ತಮ್ಮಾ, ಮೊದಲು ಆ ಕಂಪ್ಯೂಟರ್‌ನ ಇಂಟರ್‌ನೆಟ್ ಕಿತ್ತುಹಾಕು. ವೈಫೈ ಆಫ್ ಅಂತ ಅಲ್ಲ, ರೂಟರ್‌ನ ಸ್ವಿಚ್ಚೇ ತೆಗಿ. ಆಮೇಲೆ ಓದು.

ಇಂಥವು ಹೆಚ್ಚಾಗಿ ಕದಿಯೋ ಪ್ರೋಗ್ರಾಂಗಳು. ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್, ಲಾಗಿನ್ ನೆನಪಿಡೋ ಕುಕೀಗಳನ್ನು ಒಟ್ಟಿಗೆ ಬಾಚಿಕೊಂಡು ಕಳಿಸುತ್ತವೆ. ಕುಕೀ ಸಿಕ್ಕರೆ ಅವರಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ನೀನೇ ಲಾಗಿನ್ ಆಗಿ ಕೂತಿದ್ದೀಯ ಅಂತ ಸೈಟ್ ನಂಬುತ್ತೆ. ಆ ಕಪ್ಪು ವಿಂಡೋ ಬಂದು ಹೋಗೋವಷ್ಟರಲ್ಲೇ ಕೆಲಸ ಮುಗಿದಿರಬಹುದು.

ಈಗ ಫೋನ್ ತಗೋ, ಮೊಬೈಲ್ ಡೇಟಾದಲ್ಲಿ ಇರು. ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸು, ಅಲ್ಲಿಂದ ಎಲ್ಲ ಸಾಧನಗಳನ್ನೂ ಸೈನ್ ಔಟ್ ಮಾಡು. ಇಮೇಲ್ ಅವರ ಕೈಲಿದ್ರೆ ಉಳಿದದ್ದನ್ನು ಬದಲಿಸಿ ಪ್ರಯೋಜನ ಇಲ್ಲ. ಆಮೇಲೆ ಸ್ಟೀಮ್ ಪಾಸ್‌ವರ್ಡ್, ಅಲ್ಲೂ ಎಲ್ಲ ಸಾಧನಗಳ ಅನುಮತಿ ತೆಗಿ. ನೀನು ಎಂದೂ ಮಾಡದ ವೆಬ್ ಎಪಿಐ ಕೀ (ಹೊರಗಿನ ಪ್ರೋಗ್ರಾಂಗಳಿಗೆ ನಿನ್ನ ಅಕೌಂಟ್ ತಲುಪೋಕೆ ಬಿಡೋ ಸಂಕೇತ) ಅಲ್ಲಿ ಕಂಡರೆ ರದ್ದು ಮಾಡು. ಈ ಯಾವ ಕೆಲಸವನ್ನೂ ಆ ಕಂಪ್ಯೂಟರ್‌ನಿಂದ ಮಾಡಬೇಡ.

ಬ್ಯಾಂಕಿನ ವಿಷಯ ಅಪ್ಪನಿಗೆ ಈಗಲೇ ಹೇಳು. ಅವರು ಬ್ಯಾಂಕಿಗೆ ಫೋನ್ ಮಾಡಿ ನೆಟ್‌ಬ್ಯಾಂಕಿಂಗ್ ತಡೆ ಹಾಕಿಸಲಿ. ಒಂದು ರೂಪಾಯಿ ಹೋಗಿದ್ರೂ ತಕ್ಷಣ 1930, ಸೈಬರ್ ಸಹಾಯವಾಣಿ. ಎಷ್ಟು ಬೇಗ ಹೇಳ್ತೀರೋ ಅಷ್ಟು ಹಣ ತಡೆಯೋಕೆ ಅವಕಾಶ.

ಹಾಸನ ಪಿಯು ಹುಡುಗ: ಆಂಟಿವೈರಸ್ ಈಗ ಆನ್ ಮಾಡಿ ಸ್ಕ್ಯಾನ್ ಮಾಡಿದೆ ಅಕ್ಕಾ, ಏನೂ ಇಲ್ಲ ಅಂತು. ಅಪ್ಪನಿಗೆ ಹೇಳದೆ ಆಗಲ್ವಾ?

ಪ್ರೊಡ್ಯೂಸರ್: ಆಗಲ್ಲ. ಕದ್ದ ಮೇಲೆ ತನ್ನನ್ನೇ ಅಳಿಸಿಕೊಂಡು ಹೋಗುವಂಥವೂ ಇವೆ, ಸ್ಕ್ಯಾನ್ ನಂಬಬೇಡ. ಬೈಗುಳ ಇವತ್ತು ಒಂದು ಸಂಜೆ ಇರುತ್ತೆ. ಹೋದ ದುಡ್ಡು ಹಾಗಲ್ಲ. ಹೇಳಿ ಬಂದು ಇಲ್ಲಿ ಬರಿ.

ಬೆಣ್ಣೆದೋಸೆ ಬ್ರೋ: ಬೇರೆ ಸೈಟಿನ ಅನ್‌ಲಾಕರ್ ಕ್ಲೀನ್ ಇದೆ ಅಂತಾರೆ ಸರ್, ಲಿಂಕ್ ಹಾಕ್ಲಾ?

ಪ್ರೊಡ್ಯೂಸರ್: ಮೇಲಿನ ಹುಡುಗ ಬರೆದದ್ದನ್ನು ಓದಿದ್ರಾ? ಅಧಿಕೃತ ಸರ್ವರ್‌ಗಳಲ್ಲಿ ಮೋಸ ಹಿಡಿಯೋ ಬ್ಯಾಟಲ್‌ಐ ಓಡುತ್ತೆ, ಆಟದ ಫೈಲ್ ತಿದ್ದಿ ಸಿಕ್ಕಿಬಿದ್ರೆ ಬ್ಯಾನ್. ಅಡ್ಮಿನ್, ಇಲ್ಲಿ ಲಿಂಕ್ ಬಿದ್ರೆ ನಾನು ಹೊರಡ್ತೀನಿ.

ಅಡ್ಮಿನ್: ಬೆಣ್ಣೆದೋಸೆ ಅವರೇ, ಒಂದು ವಾರ ಮ್ಯೂಟ್.

ಶಿವಾಜಿನಗರ ಸ್ಪೈನೋ: ಇವರೇ ಕಂಪನಿ ದುರಾಸೆ ಅಂತ ಕೂಗೋರು ನೋಡಿ.

ಮಂಡ್ಯ ರಾಪ್ಟರ್: ಯಾರೋ ಒಬ್ಬ ಲಿಂಕ್ ಕೇಳಿದ್ರೆ ಕಂಪನಿ ಮಾಡಿದ್ದು ಸರಿ ಆಗಿಬಿಡುತ್ತಾ? ಯೋಚನೆ ಮಾಡಿ ಬರೀರಿ.

ಶಿವಾಜಿನಗರ ಸ್ಪೈನೋ: ನನಗೆ ಪಾಠ ಬೇಡ.

ವಿಜಯಪುರ ವೈವರ್ನ್: 28% ಜಿಎಸ್‌ಟಿ ಸೇರಿಸಿ ತಗೋತಿದ್ದಾರಂತೆ, ನಿಜವಾ? ಮತ್ತೆ ಹೊಸ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಈ ಆಟ ಬ್ಯಾನ್ ಅಂತೆ?

ಪ್ರೊಡ್ಯೂಸರ್: ಇಂಥ ಆಟಕ್ಕೆ ಶೇ 18. ಆ 28 ಬಂದಿದ್ದು ಹಣ ಕಟ್ಟಿ ಗೆಲ್ಲುವ ಆಟಗಳಿಗೆ. 2025ರ ಕಾಯ್ದೆ ತಡೆದಿದ್ದೂ ಅವನ್ನೇ. ಆರ್ಕ್ ಬ್ಯಾನ್ ಆಗಿಲ್ಲ.

ಬೀದರ್ ಬ್ರಾಂಟೋ: ಮೇಡಂ, ಡಿಎಲ್‌ಸಿ ಆದ್ಮೇಲೆ ಎರಡೂವರೆ ಗಂಟೆ ಆಡಿದ್ದೀನಿ. ರಿಫಂಡ್?

ಪ್ರೊಡ್ಯೂಸರ್: ಎರಡೂವರೆ ಎರಡಕ್ಕಿಂತ ಜಾಸ್ತಿ.

ಬೀದರ್ ಬ್ರಾಂಟೋ: ಸ್ವಲ್ಪ ನಯವಾಗಿ ಹೇಳಬಹುದಿತ್ತು.

ಪ್ರೊಡ್ಯೂಸರ್: ಅರ್ಜಿ ಹಾಕಿ ನೋಡಿ, ನಿಯಮದ ಆಚೆಗೂ ಒಮ್ಮೊಮ್ಮೆ ಪರಿಶೀಲಿಸ್ತಾರೆ. ಭರವಸೆ ಇಟ್ಕೋಬೇಡಿ.

ಕೋಲಾರ ಕಿಂಗ್: 4 ಜಿಬಿ?

ಹಾಸನ ಪಿಯು ಹುಡುಗ: ಅಕ್ಕಾ, ಹೇಳಿದೆ. ಬ್ಯಾಂಕಲ್ಲಿ ತಡೆ ಹಾಕಿಸಿದ್ರು, ದುಡ್ಡು ಹೋಗಿಲ್ಲ. ವಿಂಡೋಸ್ ಹೊಸದಾಗಿ ಹಾಕಿಸು ಅಂತಿದ್ದಾರೆ. ನನ್ನ ಸಿಂಗಲ್ ಪ್ಲೇಯರ್ ಸೇವ್ ಹೋಗಿಬಿಡುತ್ತಾ?

ಪ್ರೊಡ್ಯೂಸರ್: ಅಪ್ಪ ಹೇಳಿದ್ದು ಸರಿ. ಪೂರ್ತಿ ಅಳಿಸಿ ಹಾಕಿಸು, ಇನ್‌ಸ್ಟಾಲ್ ಮಾಡೋ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರ್‌ನಲ್ಲಿ ತಯಾರು ಮಾಡಿಸು. ಸೇವ್ ಬೇಕಂದ್ರೆ ಆಟದ ಫೋಲ್ಡರ್ ಒಳಗೆ 'ಶೂಟರ್‌ಗೇಮ್', ಅದರೊಳಗೆ 'ಸೇವ್ಡ್' ಅಂತ ಇರುತ್ತೆ. ಅದೊಂದನ್ನೇ ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡು. ಡೌನ್‌ಲೋಡ್ಸ್ ಫೋಲ್ಡರ್‌ನಿಂದ ಒಂದೇ ಒಂದು ಫೈಲೂ ಬೇಡ.