ಬಕೆಟ್ ನೀರಿಗೆ ಸ್ಕೇಲ್ ಅದ್ದಿದರೆ ಮಳೆ ಲೆಕ್ಕ ಸರಿ ಬರುತ್ತಾ?

ತೋಟದಮನೆ:
ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಪೇಪರಿನಲ್ಲಿ ಬರುವ ತಾಲ್ಲೂಕಿನ ಮಳೆಗೂ ನಮ್ಮಲ್ಲಿ ಬಿದ್ದದ್ದಕ್ಕೂ ತಾಳೆಯೇ ಆಗುವುದಿಲ್ಲ. ಗುಡ್ಡದ ಆಚೆ ಸುರಿಯುತ್ತಿದ್ದರೆ ಈಚೆ ಬರೀ ಹನಿ. ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆಸಿದ ಮೇಲೆ ಎಷ್ಟು ಮಳೆ ಬಿತ್ತು ಅಂತ ಬರೆದಿಡುವ ಆಸೆ ನನಗೆ. ಅಂಗಳದಲ್ಲಿ ಬಕೆಟ್ ಇಟ್ಟು ಸ್ಕೇಲ್ ಅದ್ದಿದರೆ ಸಾಕು ಅನ್ನುತ್ತಾರೆ ಯಜಮಾನರು. ಬಾಟಲಿ ಕತ್ತರಿಸಿ ಮಾಡಬೇಕು ಅನ್ನುತ್ತಾಳೆ ಮಗಳು, ಶಾಲೆಯಲ್ಲಿ ಹೇಳಿಕೊಟ್ಟಿದ್ದಾರಂತೆ. ಯಾರ ಮಾತು ಕೇಳಲಿ?

ಮಳೆಪುಸ್ತಕ:
ಬಕೆಟ್ ಬೇಡ ಅಕ್ಕಾ. ಅದರ ಬಾಯಿ ಅಗಲ, ತಳ ಕಿರಿದು. ಬಿದ್ದ ಮಳೆಗಿಂತ ಜಾಸ್ತಿ ತೋರಿಸುತ್ತದೆ. ಗೋಡೆ ನೆಟ್ಟಗಿರುವ ಡಬ್ಬಿಯಾದರೆ ಸ್ಕೇಲ್ ಸಾಕು, ಬಾಯಿ ಎಷ್ಟೇ ಅಗಲವಿರಲಿ ಲೆಕ್ಕ ಒಂದೇ.

ಮಗಳು ಹೇಳಿದ್ದು ಸರಿಯೇ. ಆದರೆ ಕೂಲ್‌ಡ್ರಿಂಕ್ಸ್ ಬಾಟಲಿಯ ತಳ ಉಬ್ಬುತಗ್ಗು. ಸ್ವಲ್ಪ ಕಲ್ಲು ಹಾಕಿ, ಗೋಡೆ ನೆಟ್ಟಗಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿಗೆ ಸೊನ್ನೆ ಅಂತ ಗೆರೆ ಎಳೆಯಬೇಕು. ಬಯಲುಸೀಮೆಗೆ ಅದು ಧಾರಾಳ ಸಾಕು. ನಿಮ್ಮ ಜುಲೈ ಮಳೆಗೆ ಒಂದೇ ರಾತ್ರಿಗೆ ತುಂಬಿ ಚೆಲ್ಲಿಬಿಡಬಹುದು.

ನನ್ನದು ಬೇರೆ ಏರ್ಪಾಡು. ಡೀಸೆಲ್ ಹುಯ್ಯುವ ದೊಡ್ಡ ಆಲಿಕೆ, 16 ಸೆಂಮೀ ಬಾಯಿಯದು. ಅದರ ಕೆಳಗೆ 5 ಲೀಟರಿನ ಖಾಲಿ ಎಣ್ಣೆ ಕ್ಯಾನ್. ಯಾಕೆ 16 ಅಂದರೆ, 8 ಗುಣಿಸು 8 ಗುಣಿಸು 3.14, ಹೆಚ್ಚುಕಡಿಮೆ 200 ಚದರ ಸೆಂಮೀ. ಹವಾಮಾನ ಇಲಾಖೆಯ ಒಂದು ಬಗೆಯ ಮಳೆಮಾಪಕದ ಬಾಯಿಯೂ ಇಷ್ಟೇ. ಆಗ ಕ್ಯಾನಿನಲ್ಲಿ 20 ಮಿಲಿ ನೀರು ಸೇರಿದರೆ 1 ಮಿಮೀ ಮಳೆ. ಕ್ಯಾನ್ ಪೂರ್ತಿ ತುಂಬಿದರೆ 250 ಮಿಮೀ, ಆಗುಂಬೆಯವರಿಗೂ ಸುಮಾರು ದಿನಗಳಿಗೆ ಸಾಕಾದೀತು! ಅಳೆಯಲು ಅಡುಗೆಮನೆಯ ಅಳತೆ ಮಗ್, ಕೊನೆಯ ಚೂರಿಗೆ ಸೂಜಿ ತೆಗೆದ ಸಿರಿಂಜ್. ತೂಕದ ಯಂತ್ರ ಇದ್ದರೆ ಇನ್ನೂ ಸುಲಭ, 1 ಗ್ರಾಂ ಅಂದರೆ 1 ಮಿಲಿ.

ಆಲಿಕೆಯ ಅಂಚು ನೆಟ್ಟಗೆ ಮೇಲೆದ್ದಿರಬೇಕು. ತೆಳು ಇಳಿಜಾರಾಗಿದ್ದರೆ ದಪ್ಪ ಹನಿ ಪುಟಿದು ಆಚೆ ಹೋಗುತ್ತದೆ.

ಜಾಗದ್ದೇ ದೊಡ್ಡ ತಲೆನೋವು. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಇಡಬೇಕು. ಅಡಿಕೆ ಮರದ ಎತ್ತರಕ್ಕೆ ಇದು ತೋಟದೊಳಗೆ ಆಗುವ ಮಾತಲ್ಲ. ಅಡಿಕೆ ಒಣಗಿಸುವ ಅಂಗಳದ ನಡುಮಧ್ಯ ಇಡಿ, ಮಾಡಿನ ನೀರು ಸಿಡಿಯದಷ್ಟು ಆಚೆಗೆ. ಬಾಯಿ ನೆಲದಿಂದ ಒಂದಡಿ ಮೇಲಿರಲಿ. ಕ್ಯಾನ್ ಗಾಳಿಗೆ ಉರುಳದಂತೆ ಸುತ್ತ ಇಟ್ಟಿಗೆ ಕೊಡಿ.

ದಿನಾ ಬೆಳಿಗ್ಗೆ 8.30ಕ್ಕೆ ಅಳೆದು, ಅದೇ ದಿನದ ತಾರೀಕಿಗೆ ಬರೆಯಿರಿ. ಇಲಾಖೆಯ ಲೆಕ್ಕವೂ ಹಾಗೇ. ಹೊತ್ತು ಬೇರೆಯಾದರೆ ಪೇಪರಿನ ಅಂಕಿಯ ಜೊತೆ ಹೋಲಿಸಿ ಪ್ರಯೋಜನವಿಲ್ಲ.

ಕಾಫಿಕಣ:
ಮೂಡಿಗೆರೆ ಕಡೆ ಮಿಲಿಮೀಟರ್ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಇಲ್ಲಿ ಎಲ್ಲ ಇಂಚು, ಸೆಂಟ್ಸ್. "ನಿಮ್ಮಲ್ಲಿ ಎಷ್ಟು?" "ನಲವತ್ತು ಸೆಂಟ್ಸ್ ಅಷ್ಟೇ ಮಾರಾಯ." ನೂರು ಸೆಂಟ್ಸಿಗೆ ಒಂದು ಇಂಚು, ಅಂದರೆ 25.4 ಮಿಮೀ. ಮೇಲಿನವರ ಆಲಿಕೆಯಲ್ಲಿ ಅರ್ಧ ಲೀಟರ್ ಬಿದ್ದರೆ ಇಂಚು ಮಳೆ ಅಂತಾಯಿತು. ರೊಬಸ್ಟಾ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆಗೆ ಕಾಯುವವರಿಗೆ ಬೇಕಾದ್ದು ಅಷ್ಟೇ ಅಲ್ವಾ?

ತಾರಸಿವಾಸಿ:
ಬೆಂಗಳೂರಿನವನು, ನಡುವೆ ಬಾಯಿ ಹಾಕುತ್ತೇನೆ. ಒಂದು ಚದರ ಮೀಟರಿಗೆ 1 ಮಿಮೀ ಬಿದ್ದರೆ 1 ಲೀಟರ್. ಸಾವಿರ ಚದರಡಿ ತಾರಸಿಗೆ ಸುಮಾರು 93 ಲೀಟರ್. ಸಂಪು ಎಷ್ಟು ದೊಡ್ಡದಿರಬೇಕು ಅಂತ ಯೋಚಿಸುವವರಿಗೆ ಈ ಲೆಕ್ಕ ಬೇಕಾಗುತ್ತದೆ.

ತೋಟದಮನೆ:
ಮನೆಯಲ್ಲಿರುವ ಆಲಿಕೆ 14 ಸೆಂಮೀ ಇದೆ. ಹೊಸದು ತರಬೇಕಾ?

ಮಳೆಪುಸ್ತಕ:
ಬೇಡ. 7 ಗುಣಿಸು 7 ಗುಣಿಸು 3.14, ಸುಮಾರು 154. ಹಾಗಾಗಿ 15.4 ಮಿಲಿಗೆ 1 ಮಿಮೀ. ಬಾಯಿಯನ್ನು ಅಂಚಿನ ಒಳಗಡೆಯಿಂದ ಅಳೆದಿದ್ದೀರಿ ತಾನೇ? ಅಂಚಿನ ದಪ್ಪ ಸೇರಿಸಬಾರದು.