ಬಾಣಂತನ ಬೆಂಗಳೂರಿನಲ್ಲೇ: ಅಪ್ಪನಾಗುವವನು ಏನು ಕಲಿಯಬೇಕು?

ಪ್ರಶ್ನೆ: ನಮಸ್ಕಾರ ಸಿಸ್ಟರ್. ವಿಜಯನಗರದ ಬಾಡಿಗೆ ಮನೆಯಲ್ಲಿದ್ದೇವೆ. ಹೆಂಡತಿಗೆ ಎಂಟು ತಿಂಗಳು ತುಂಬಿದೆ. ಅತ್ತೆಯವರಿಗೆ ಮಂಡಿನೋವು, ಹಾಗಾಗಿ ತವರಿಗೆ ಕಳಿಸುವಂತಿಲ್ಲ. ಹಸುಗೂಸನ್ನು ನಾನು ಒಮ್ಮೆಯೂ ಎತ್ತಿಕೊಂಡವನಲ್ಲ, ಕೈಜಾರಿದರೆ ಎಂಬ ಭಯ. ಮೊದಲು ಏನು ಕಲಿಯಲಿ?

ಉತ್ತರ (ನವಜಾತ ಶಿಶು ವಿಭಾಗದ ನರ್ಸ್): ಎತ್ತಿಕೊಳ್ಳುವುದನ್ನೇ ಕಲಿಯಿರಿ, ಇವತ್ತೇ. ಮೂರು ಕಿಲೋ ಅಕ್ಕಿಯನ್ನು ಚೀಲದಲ್ಲಿ ಸಡಿಲವಾಗಿ ಕಟ್ಟಿ, ಟವೆಲ್ ಸುತ್ತಿ. ಒಂದು ಅಂಗೈ ತಲೆ-ಕತ್ತಿಗೆ, ಇನ್ನೊಂದು ಕುಂಡಿಯ ಕೆಳಗೆ. ಹತ್ತು ಸಲ ಎತ್ತಿ ಮಲಗಿಸಿದರೆ ಕೈಗೆ ಧೈರ್ಯ ಬರುತ್ತದೆ.

ಎರಡನೆಯದು ನಿಮ್ಮ ಎದೆ. ಅಂಗಿ ಬಿಚ್ಚಿ, ಬರಿಮೈಯ ಕೂಸನ್ನು ಎದೆಗೆ ನೆಟ್ಟಗೆ ಒರಗಿಸಿಕೊಂಡು ಮೇಲೆ ಹೊದಿಕೆ ಹೊದ್ದುಕೊಳ್ಳಿ. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತೇವೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಕಡಿಮೆ ತೂಕದ ಕೂಸುಗಳಿಗೆ ಇನ್‌ಕ್ಯುಬೇಟರ್‌ಗಳು ಸಾಲದಾದಾಗ ಶುರುವಾದ ಕ್ರಮ. ಸಿಸೇರಿಯನ್ ಆಗಿ ತಾಯಿ ಇನ್ನೂ ಒಳಗಿದ್ದರೆ ಹೊರಗೆ ಕಾಯುತ್ತ ನಿಲ್ಲಬೇಡಿ, 'ನನ್ನ ಎದೆಗೆ ಕೊಡಿ' ಎಂದು ಕೇಳಿ. ಎಷ್ಟೋ ಅಪ್ಪಂದಿರು ಕೇಳಲು ನಾಚುತ್ತಾರೆ. ನನಗೆ ತುಂಬಾ ಸಂಕಟವಾಗುವುದು ಅಲ್ಲೇ. ನಿದ್ದೆ ತೂಗುವಾಗ ಮಾತ್ರ ಸೋಫಾದಲ್ಲಿ ಹೀಗೆ ಕೂರಬೇಡಿ.

ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಬೇಕು. ಕುಡಿಸುವುದು ತಾಯಿ; ಎತ್ತಿ ಕೊಡುವುದು, ತೇಗಿಸುವುದು, ಬಟ್ಟೆ ಬದಲಿಸುವುದು ರಾತ್ರಿಯಲ್ಲೂ ನಿಮ್ಮದು. ಐದನೆಯ ದಿನದ ನಂತರ ಆರು ಸಲವಾದರೂ ಮೂತ್ರ ಮಾಡಬೇಕು, ಎಣಿಸಿ. ಅಂಗಾತ ಮಲಗಿಸಿ, ಸಾಸಿವೆ ದಿಂಬೂ ಬೇಡ.

ಪ್ರಶ್ನೆ: ಹಾಸನದಿಂದ ಅಮ್ಮ ಬರುತ್ತಾರೆ. ಬಜೆ ತೇಯ್ದು ನೆಕ್ಕಿಸುವುದು, ಸಾಂಬ್ರಾಣಿ ಹೊಗೆ, ಹೊಕ್ಕುಳಿಗೆ ಎಣ್ಣೆ ಎಲ್ಲ ಆಗಲೇಬೇಕು ಎನ್ನುತ್ತಾರೆ. ಮನಸ್ಸು ನೋಯಿಸದೆ ತಡೆಯುವುದು ಹೇಗೆ?

ಉತ್ತರ: 'ಬೇಡಮ್ಮ' ಎನ್ನುವ ಮಾತು ನಿಮ್ಮ ಬಾಯಿಂದ ಬರಲಿ, ಸೊಸೆಯ ಬಾಯಿಂದಲ್ಲ. ಹಸಿ ಮೈಯ ಬಾಣಂತಿಯನ್ನು ಆ ಜಗಳಕ್ಕೆ ಒಡ್ಡಬೇಡಿ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ, ಬಜೆಯೂ ಬೇಡ. ಜೇನುತುಪ್ಪ ವರ್ಷ ತುಂಬುವವರೆಗೆ ಅಪಾಯ. ಹೊಗೆ ಎಳೆಯ ಶ್ವಾಸಕೋಶಕ್ಕೆ ಕೆಟ್ಟದ್ದು. ಹೊಕ್ಕುಳನ್ನು ಒಣಗಲು ಬಿಟ್ಟರೆ ಬಳ್ಳಿ ತಾನೇ ಉದುರುತ್ತದೆ. ಬಾಣಂತಿಯ ಅಡುಗೆ, ಮಗುವಿಗೆ ಹಗುರವಾಗಿ ಎಣ್ಣೆ ನೀವುವುದು ಅಮ್ಮನ ಕೈಗೇ ಇರಲಿ. ಅದರಲ್ಲಿ ಅವರಷ್ಟು ಪಳಗಿದವರು ನಾವಲ್ಲ.

ಅಮ್ಮನಿಗೂ ಇದನ್ನು ಓದಿ ಹೇಳಿ: ಮೊದಲ 24 ಗಂಟೆಯೊಳಗೇ ಮೈ ಹಳದಿಯಾದರೆ, ಆಮೇಲೂ ಅಂಗೈ-ಅಂಗಾಲಿಗೆ ಹಳದಿ ಇಳಿದರೆ, ಹಾಲು ಚೀಪದಿದ್ದರೆ, ಉಸಿರಾಡುವಾಗ ಎದೆ ಒಳಕ್ಕೆ ಸೆಳೆದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಕ್ಷಣ ಆಸ್ಪತ್ರೆಗೆ. ಬಿಸಿಲಿಗೆ ಹಿಡಿದು ನೋಡೋಣ ಎಂದು ಕಾಯಬೇಡಿ. ವಾಹನ ಸಿಗದಿದ್ದರೆ 108.

ಇನ್ನೊಬ್ಬರ ಪ್ರಶ್ನೆ: ಖಾಸಗಿ ಕಂಪನಿಯಲ್ಲಿ ಐದೇ ದಿನ ರಜೆ. ಹೆರಿಗೆಯ ದಿನದಿಂದಲೇ ಹಾಕಲೇ?

ಉತ್ತರ: ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ, ನಿಮಗೆ ಐದೇ ಎಂಬುದು ಬೇಸರದ ಮಾತೇ. ಹೆರಿಗೆಯ ದಿನ ಇರಲೇಬೇಕು. ಉಳಿದ ನಾಲ್ಕನ್ನು ಮನೆಗೆ ಬಂದ ಮೇಲೆ ಹಾಕಿ. ಆಸ್ಪತ್ರೆಯಲ್ಲಿ ಗಂಟೆ ಒತ್ತಿದರೆ ನಾವು ಬರುತ್ತೇವೆ. ಮನೆಯಲ್ಲಿ ರಾತ್ರಿ ಮೂರು ಗಂಟೆಗೆ ಮಗು ಅತ್ತಾಗ ಆಕೆ ಕರೆಯುವುದು ನಿಮ್ಮನ್ನೇ.